ಮೇಷ್ಟ್ರಿಗೊಂದು ಪ್ರಶ್ನೆ: ಸೀಗಡಿ ಮಾರಿದ ಹುಡುಗನ ಉದ್ರಿ ಲೆಕ್ಕ

ಕಳೆದ ಸಂಚಿಕೆಯಲ್ಲಿ ಬಾಕಿ ವಸೂಲಿಯ ಬಗ್ಗೆ ಬರೆಯುವಾಗ ಫಿಲಿಪೀನ್ಸಿನ ಮ್ಯಾನಿ ವಿಲ್ಯಾರ್ ಅವರ ಹೆಸರನ್ನು ಒಂದೇ ಒಂದು ಸಾಲಿನಲ್ಲಿ ಹೇಳಿದ್ದೆ. ಚಿಕ್ಕಂದಿನಲ್ಲಿ ತಾಯಿಯ ಜೊತೆ ಸೀಗಡಿ ಮಾರಿ, ಮುಂದೆ ಆ ದೇಶದ ಅತಿ ಶ್ರೀಮಂತರಾದವರು, ಸೆನೆಟ್ ಎಂಬ ಮೇಲ್ಮನೆಯ ಅಧ್ಯಕ್ಷರೂ ಆಗಿದ್ದವರು ಎಂದಷ್ಟೇ ಬರೆದಿದ್ದೆ. ಆ ಸಾಲಿಗೆ ಇಷ್ಟು ಪತ್ರಗಳು ಬರಬಹುದೆಂದು ನಾನು ಎಣಿಸಿರಲಿಲ್ಲ. ಈ ಸಲದ ಅಂಕಣವನ್ನು ಆ ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇನೆ. ಮಣ್ಣು ಪರೀಕ್ಷೆಯ ಬಗ್ಗೆ ಕೇಳಿದ ಕೊಪ್ಪದವರು ಮುಂದಿನ ತಿಂಗಳವರೆಗೆ ದಯವಿಟ್ಟು ಕಾಯಬೇಕು.

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ನನ್ನ ಊರು ಹೊಸನಗರದ ಹತ್ತಿರ. ಶಿವಮೊಗ್ಗದಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ಅಮ್ಮ ಮೀನು ಮಾರುತ್ತಾರೆ. ಹುಲಿಕಲ್ ಘಾಟಿ ಹತ್ತಿ ಬರುವ ಮೀನಿನ ಗಾಡಿಗೆ ನಸುಕಿನಲ್ಲೇ ಹೋಗಿ ಕಾಯುತ್ತಾರೆ. ತರಗತಿಯಲ್ಲಿ ಒಬ್ಬ ಉದ್ಯಮಿಯ ಬಗ್ಗೆ ಮಾತನಾಡಬೇಕಿತ್ತು. ನಿಮ್ಮ ಅಂಕಣ ಓದಿ ವಿಲ್ಯಾರ್ ಅವರನ್ನು ಆರಿಸಿಕೊಂಡೆ. ‘ಇದೆಲ್ಲ ಚುನಾವಣೆಗಾಗಿ ಕಟ್ಟಿದ ಕತೆ, ಮೀನು ಮಾರಿದವರು ಯಾರೂ ಹಾಗಾಗುವುದಿಲ್ಲ’ ಎಂದು ಸಹಪಾಠಿಯೊಬ್ಬಳು ಎಲ್ಲರೆದುರು ಹೇಳಿದಳು. ನನಗೆ ಬಾಯಿ ಬರಲಿಲ್ಲ. ಕತೆ ನಿಜವೇ? — ವಿದ್ಯಾರ್ಥಿನಿ, ಶಿವಮೊಗ್ಗ

ತಂಗಿ, ಕತೆ ನಿಜ. ಮ್ಯಾನುಯೆಲ್ ಬಾಂಬಾ ವಿಲ್ಯಾರ್ ಹುಟ್ಟಿದ್ದು 1949ರ ಡಿಸೆಂಬರ್ 13ರಂದು, ಮನಿಲಾದ ಟೊಂಡೊ ಎಂಬ ಕಿಕ್ಕಿರಿದ ಬಡಾವಣೆಯಲ್ಲಿ. ನಡುವಿನ ‘ಬಾಂಬಾ’ ಅವರ ತಾಯಿಯ ತವರಿನ ಹೆಸರು. ಆ ದೇಶದಲ್ಲಿ ತಾಯಿಯ ಮನೆತನದ ಹೆಸರು ಮಕ್ಕಳ ಹೆಸರಿನ ಮಧ್ಯೆ ಉಳಿಯುತ್ತದೆ. ನನಗೆ ಬಹಳ ಹಿಡಿಸಿದ ಪದ್ಧತಿ ಇದು. ತಾಯಿ ಕುರಿಟಾ ಅವರು ಡಿವಿಸೋರಿಯಾ ಎಂಬ ದೊಡ್ಡ ಮಾರುಕಟ್ಟೆಯಲ್ಲಿ ಮೀನು, ಸೀಗಡಿ ಮಾರುತ್ತಿದ್ದರು. ಒಂಬತ್ತು ಮಕ್ಕಳ ಮನೆ. ಹುಡುಗ ತಾಯಿಯ ಜೊತೆ ಮಾರುಕಟ್ಟೆಯಲ್ಲಿ ದುಡಿಯುತ್ತಲೇ ಓದಿದ.

ನಿನ್ನ ಸಹಪಾಠಿ ಹೇಳಿದ್ದರಲ್ಲೂ ಒಂದು ಎಳೆ ಇದೆ, ಅದನ್ನು ಮುಚ್ಚಿಡಬೇಡ. ವಿಲ್ಯಾರ್ ಅವರ ತಂದೆ ಸರ್ಕಾರಿ ನೌಕರರಾಗಿದ್ದರು. ತಿಂಗಳ ಸಂಬಳ ಬರುತ್ತಿದ್ದ ಮನೆ ಅದು. ದೇಶದ ಅಧ್ಯಕ್ಷ ಪದವಿಗೆ ನಿಂತಾಗ ಅವರ ಪ್ರಚಾರದವರು ಬಾಲ್ಯದ ಬಡತನವನ್ನೇ ಮುಂದಿಟ್ಟರು. ಅಷ್ಟು ಬಡತನ ಎಲ್ಲಿತ್ತು ಎಂದು ಎದುರಾಳಿಗಳು ಕೇಳಿದರು. ಆದ್ದರಿಂದ ನೀನು ಮಾತನಾಡುವಾಗ ತಂದೆಯ ಕೆಲಸವನ್ನೂ ಹೇಳು, ತಾಯಿಯ ಬುಟ್ಟಿಯನ್ನೂ ಹೇಳು. ಎರಡನ್ನೂ ಹೇಳಿದವರ ಬಾಯಿಯನ್ನು ಯಾರೂ ಮುಚ್ಚಿಸಲಾರರು.

ಆದರೆ ನಾನು ಆ ಸಾಲು ಬರೆದದ್ದು ಬಡತನಕ್ಕಾಗಿ ಅಲ್ಲ. ಮೀನು ಮಾರಿದ ತಾಯಿಯ ಪಕ್ಕದಲ್ಲಿ ಕೂತ ಮಗನಿಗೆ ಸಿಕ್ಕ ಪಾಠ ಯಾವುದು ಎಂದು ಕೇಳಿದರೆ, ಅದು ಉದ್ರಿಯ ಪಾಠ. ನೀನು ದಿನಾ ನೋಡುತ್ತಿರುವುದೂ ಅದನ್ನೇ.

ವಿಲ್ಯಾರ್ ಫಿಲಿಪೀನ್ಸ್ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ ವಾಣಿಜ್ಯ ಆಡಳಿತದ ಪದವಿ ಪಡೆದರು, 1973ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ದೇಶದ ಅತಿ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಅದನ್ನು ಬಿಟ್ಟು, ಮನಿಲಾದ ಪಕ್ಕದ ಮಕಾಟಿಯ ಹೋಟೆಲುಗಳಿಗೆ ಮೀನು, ಸೀಗಡಿ ಒದಗಿಸುವ ಸ್ವಂತ ವ್ಯಾಪಾರಕ್ಕೆ ಇಳಿದರು. ಮಕಾಟಿ ಎಂದರೆ ಕಚೇರಿಗಳ ಊರು. ಅಲ್ಲಿ ಒಂದು ಹೋಟೆಲಿನವರು ಸರಕು ಇಳಿಸಿಕೊಂಡರು, ಹಣ ಕೊಡಲಿಲ್ಲ. ಅವರ ಕೈಯಲ್ಲಿ ಹಣವೇ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲು. ನಾನು ಉಪನ್ಯಾಸಕನಾಗುವ ಮೊದಲು ಮೂರು ವರ್ಷ ತೀರ್ಥಹಳ್ಳಿಯ ಒಂದು ಅಡಕೆ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಹಣ ಬಾರದ ಗಿರಾಕಿಯ ಮನೆಗೆ ಸೈಕಲ್ ತುಳಿದುಕೊಂಡು ಹೋಗುವುದು ನನ್ನ ಪಾಲಿನ ಕೆಲಸವಾಗಿತ್ತು. ಜಗಲಿಯ ಮೇಲೆ ಕೂರಿಸಿ ಬೆಲ್ಲ, ನೀರು ಕೊಡುತ್ತಿದ್ದರು. ‘ಬರುವ ಕೊಯ್ಲಿಗೆ ಖಂಡಿತ’ ಎನ್ನುತ್ತಿದ್ದರು. ಬರಿಗೈಯಲ್ಲಿ ವಾಪಸು ಬಂದು ಅದೇ ಬಾಕಿಯನ್ನು ಹೊಸ ಪುಸ್ತಕಕ್ಕೆ ಎತ್ತಿ ಬರೆಯುತ್ತಿದ್ದೆ. ನನಗೆ ಗೊತ್ತಿದ್ದ ದಾರಿಗಳು ಎರಡೇ: ಗದರಿಸುವುದು, ಇಲ್ಲವೇ ಕಾಯುವುದು.

ವಿಲ್ಯಾರ್ ಮೂರನೆಯ ದಾರಿ ಹಿಡಿದರು. ಆ ಹೋಟೆಲಿನ ಹೆಸರಿನಲ್ಲಿ ಊಟದ ಚೀಟಿಗಳನ್ನು ಅಚ್ಚು ಹಾಕಿಸಿದರು. ಚೀಟಿ ತಂದವರಿಗೆ ಊಟ ಕೊಟ್ಟರೆ ಆಯಿತು, ಅಷ್ಟು ಬಾಕಿ ಹರಿಯಿತು ಎಂದು ಮಾಲೀಕರನ್ನು ಒಪ್ಪಿಸಿದರು. ಆಮೇಲೆ ಆ ಚೀಟಿಗಳನ್ನು ಕಚೇರಿಗಳ ನೌಕರರಿಗೆ ರಿಯಾಯಿತಿ ದರದಲ್ಲಿ ಮಾರಿದರು. ಲೆಕ್ಕಕ್ಕೆ ಹೇಳುವುದಾದರೆ, ನೂರು ರೂಪಾಯಿಯ ಊಟದ ಚೀಟಿಯನ್ನು ತೊಂಬತ್ತಕ್ಕೆ ಮಾರಿದ ಹಾಗೆ. ಹೋಟೆಲಿನವರ ಹತ್ತಿರ ನಗದು ಇರಲಿಲ್ಲ, ಆದರೆ ಒಲೆ ಇತ್ತು, ಅಕ್ಕಿ ಇತ್ತು, ಬಡಿಸುವವರಿದ್ದರು. ನೌಕರರ ಹತ್ತಿರ ನಗದು ಇತ್ತು, ಮಧ್ಯಾಹ್ನದ ಹಸಿವೂ ಇತ್ತು. ಇವರ ಹತ್ತಿರ ಇದ್ದದ್ದು ಬಾಕಿಯ ಕಾಗದ ಮಾತ್ರ. ಆ ಕಾಗದವೇ ಇಬ್ಬರ ನಡುವೆ ಓಡಾಡಿತು. ಪೂರ್ತಿ ಬಾಕಿ ಬರಲು ಒಂದು ವರ್ಷ ಹಿಡಿಯಿತು. ಆ ಒಂದು ವರ್ಷವನ್ನು ನಿನ್ನ ಮಾತಿನಲ್ಲಿ ತಪ್ಪದೆ ಹೇಳು. ಯುಕ್ತಿ ಹೊಳೆಯುವುದಕ್ಕೆ ಒಂದು ಗಳಿಗೆ ಸಾಕು, ಚೀಟಿ ಹಿಡಿದು ಕಚೇರಿಯಿಂದ ಕಚೇರಿಗೆ ಮೆಟ್ಟಿಲು ಹತ್ತಿದ್ದು ಒಂದು ವರ್ಷ.

ಮುಂದಿನದನ್ನು ಬೇಗ ಹೇಳುತ್ತೇನೆ. ಅವರು ಒಂದು ಅಭಿವೃದ್ಧಿ ಹಣಕಾಸು ಸಂಸ್ಥೆಗೆ ಸೇರಿದರು. ವಿಶ್ವಬ್ಯಾಂಕಿನ ಸಾಲವನ್ನು ಸಣ್ಣ ಉದ್ಯಮಿಗಳಿಗೆ ಕೊಡಿಸುವುದು ಕೆಲಸ. ಬಡ್ಡಿ ಕಡಿಮೆಯಿದ್ದರೂ ತೆಗೆದುಕೊಳ್ಳುವವರಿರಲಿಲ್ಲ. ಯಾರೂ ಮುಟ್ಟದ ಸಾಲವನ್ನು, ಕೆಲಸ ಬಿಟ್ಟು ತಾವೇ ಪಡೆದರು. 1975ರಲ್ಲಿ ಹತ್ತು ಸಾವಿರ ಪೆಸೊ ಬಂಡವಾಳ ಹಾಕಿ, ರಿಪೇರಿ ಮಾಡಿ ಮಾರಾಟಕ್ಕಿಟ್ಟಿದ್ದ ಎರಡು ಹಳೆಯ ಲಾರಿಗಳನ್ನು ಕೊಂಡು, ಲಾಸ್ ಪಿನ್ಯಾಸ್ ಎಂಬಲ್ಲಿ ಕಟ್ಟಡದವರಿಗೆ ಮರಳು, ಜಲ್ಲಿ ಹೊಡೆಯತೊಡಗಿದರು. ಮರಳು ಇಳಿಸುವ ಜಾಗದಲ್ಲಿ ಮನೆ ಕಟ್ಟುವವರ ಕಷ್ಟ ಕಣ್ಣಿಗೆ ಬಿತ್ತು. ಅಲ್ಲಿಯೂ ನಮ್ಮಲ್ಲಿಯಂತೆಯೇ ಮೊದಲು ಸೈಟು ಕೊಳ್ಳಬೇಕು, ಆಮೇಲೆ ದುಡ್ಡಾದ ಹಾಗೆ ಕಟ್ಟಬೇಕು. ಬುನಾದಿ ಹಾಕಿ ಎರಡು ಮಳೆಗಾಲ ಬಿಟ್ಟ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ, ಗೋಡೆ ಏಳುವ ಮೊದಲೇ ಪಾಯದ ಕಲ್ಲಿಗೆ ಪಾಚಿ ಹಿಡಿದಿರುತ್ತದೆ! ವಿಲ್ಯಾರ್ ಜಾಗವನ್ನೂ ಮನೆಯನ್ನೂ ಸೇರಿಸಿ ಒಂದೇ ಬೆಲೆಗೆ, ಸಾಲದ ವ್ಯವಸ್ಥೆಯೊಂದಿಗೆ ಮಾರಿದರು. ಒಂದೇ ನಕ್ಷೆಯ ನೂರಾರು ಸಣ್ಣ ಮನೆಗಳು. ಹೀಗೆ ಅವರ ಕಂಪನಿಗಳು ಕಟ್ಟಿದ ಮನೆಗಳ ಸಂಖ್ಯೆ ಎರಡು ಲಕ್ಷ ದಾಟಿತು. ದುಬೈ, ಹಾಂಗ್‌ಕಾಂಗ್, ಹಡಗುಗಳಲ್ಲಿ ದುಡಿಯುವ ಫಿಲಿಪೀನ್ಸಿನವರು ಕಳಿಸುವ ಹಣದಿಂದ ಆದ ಮನೆಗಳು ಅವುಗಳಲ್ಲಿ ಬಹಳಷ್ಟಿವೆ.

ನಡುವೆ ಬಿದ್ದದ್ದನ್ನೂ ಹೇಳು. 1997ರಲ್ಲಿ ಪೂರ್ವ ಏಷ್ಯಾದ ಹಣಕಾಸು ಕುಸಿದಾಗ ಡಾಲರಿಗೆ 26 ಪೆಸೊ ಇದ್ದದ್ದು ಕೆಲವೇ ತಿಂಗಳಲ್ಲಿ 40 ದಾಟಿತು. ಬಡ್ಡಿ ಏರಿತು. ಸಾಲ ಮಾಡಿ ಮನೆ ಕಟ್ಟುತ್ತಿದ್ದ ಅವರ ಕಂಪನಿ ತತ್ತರಿಸಿತು. ಸಾಲ ಕೊಟ್ಟವರ ಜೊತೆ ಕೂತು ಕಂತುಗಳನ್ನು ಹೊಸದಾಗಿ ಮಾಡಿಕೊಳ್ಳಬೇಕಾಯಿತು. ವಿಸ್ಟಾ ಲ್ಯಾಂಡ್ ಎಂಬ ಹೊಸ ಹೆಸರಿನಲ್ಲಿ ಷೇರುಪೇಟೆಗೆ ಬಂದದ್ದು 2007ರಲ್ಲಿ, ಹತ್ತು ವರ್ಷದ ಮೇಲೆ. 2019ರಲ್ಲಿ ಫೋರ್ಬ್ಸ್ ಪಟ್ಟಿ ಅವರನ್ನು ಫಿಲಿಪೀನ್ಸಿನ ಅತಿ ಶ್ರೀಮಂತ ಎಂದಿತು.

‘ಮೀನು ಮಾರಿದವರು ಯಾರೂ’ ಎಂಬ ಮಾತಿಗೆ ನನ್ನದೊಂದು ಉತ್ತರವಿದೆ. ನಾನು ಹುಡುಗನಾಗಿದ್ದಾಗ ಆಗುಂಬೆ ಘಾಟಿ ಹತ್ತಿ ಬಂದ ಬಂಗುಡೆಯನ್ನು ತಲೆಯ ಮೇಲೆ ಹೊತ್ತು ನಮ್ಮ ಮನೆಗೆ ಒಬ್ಬ ಹೆಂಗಸು ಬರುತ್ತಿದ್ದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಹಿತ್ತಲ ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಲೆಕ್ಕ ಬರೆಯುತ್ತಿದ್ದರು. ಎಂಟಾಣೆ ಬಾಕಿಗೆ ಒಂದು ಗೀಟು, ರೂಪಾಯಿಗೆ ಒಂದು ಸೊನ್ನೆ. ಅಮ್ಮ ಹಣ ಕೊಟ್ಟ ದಿನ ಹೆಬ್ಬೆರಳಿಗೆ ಉಗುಳು ಹಚ್ಚಿ, ಕೊಟ್ಟಷ್ಟನ್ನೇ ಒರೆಸುತ್ತಿದ್ದರು, ಒಂದು ಗೀಟು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ದೀಪಾವಳಿಗೆ ಗೋಡೆಗೆ ಸುಣ್ಣ ಬಳಿಯುವ ಮೊದಲು ಅಮ್ಮ ಅವರನ್ನು ಹೇಳಿ ಕಳಿಸಿ ಕರೆಸುತ್ತಿದ್ದಳು. ಅವರು ಬಂದು ಗೀಟುಗಳನ್ನು ಎಣಿಸಿ ಮನಸ್ಸಿನಲ್ಲಿ ಇಟ್ಟುಕೊಂಡ ಮೇಲೆಯೇ ಆ ಗೋಡೆಗೆ ಸುಣ್ಣ ಬೀಳುತ್ತಿದ್ದುದು. ನಮ್ಮದು ಒಂದು ಮನೆ. ಅವರಿಗೆ ಅಂಥ ಎಷ್ಟು ಗೋಡೆಗಳಿದ್ದವೋ! ಮಂಡಿಯಲ್ಲಿ ನಾನು ಬರೆದ ಯಾವ ಖಾತೆ ಪುಸ್ತಕವೂ ಆ ಗೋಡೆಯಷ್ಟು ಚೊಕ್ಕವಾಗಿರಲಿಲ್ಲ. ನಿನ್ನ ಅಮ್ಮ ಲೆಕ್ಕವನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂದು ಈ ಸಲ ಊರಿಗೆ ಹೋದಾಗ ಕೇಳು. ನಿನ್ನ ಮಾತನ್ನು ಅಲ್ಲಿಂದಲೇ ಶುರು ಮಾಡು, ಮನಿಲಾಕ್ಕೆ ಆಮೇಲೆ ಹೋಗು.

ಪ್ರಶ್ನೆ: ಅಷ್ಟು ಹಣ, ಅಷ್ಟು ಹೆಸರು ಇದ್ದೂ ಅವರು ದೇಶದ ಅಧ್ಯಕ್ಷರಾಗಲಿಲ್ಲವೇಕೆ? — ಕಿರಾಣಿ ವ್ಯಾಪಾರಿ, ಸಾಗರ

2010ರ ಮೇ ತಿಂಗಳ ಚುನಾವಣೆ. ವಿಲ್ಯಾರ್ ನಿಂತದ್ದು 1907ರಲ್ಲಿ ಹುಟ್ಟಿದ, ಆ ದೇಶದ ಹಳೆಯ ನ್ಯಾಸಿಯೊನಲಿಸ್ತಾ ಪಕ್ಷದಿಂದ. ಕಿತ್ತಳೆ ಬಣ್ಣದ ಪ್ರಚಾರ ಟಿ.ವಿ.ಯಲ್ಲಿ ಹಗಲೂ ರಾತ್ರಿ ಹರಿಯಿತು. ಹಿಂದಿನ ವರ್ಷದ ಆಗಸ್ಟಿನಲ್ಲಿ ಮಾಜಿ ಅಧ್ಯಕ್ಷೆ ಕೊರಾಜನ್ ಅಕ್ವಿನೊ ತೀರಿಕೊಂಡಿದ್ದರು. ಮಾರ್ಕೋಸ್ ಸರ್ವಾಧಿಕಾರವನ್ನು ಇಳಿಸಿದ ಚಳವಳಿಯ ತಾಯಿ ಅವರು. ಜನರ ದುಃಖವೆಲ್ಲ ಅವರ ಮಗ ಬೆನಿಗ್ನೊ ಅಕ್ವಿನೊ ಕಡೆಗೆ ಹರಿಯಿತು. ಚುನಾವಣೆಯ ವರ್ಷದ ಮೊದಲ ತಿಂಗಳ ಸಮೀಕ್ಷೆಯಲ್ಲಿ ವಿಲ್ಯಾರ್ ಈ ಅಕ್ವಿನೊಗೆ ತೀರಾ ಹತ್ತಿರ ಬಂದಿದ್ದರು, ಆಮೇಲೆ ಜಾರಿದರು. ಅಕ್ವಿನೊಗೆ ಶೇ. 42, ಜೋಸೆಫ್ ಎಸ್ಟ್ರಾಡಾಗೆ ಶೇ. 26, ವಿಲ್ಯಾರ್‌ಗೆ ಶೇ. 15ಕ್ಕೆ ಸ್ವಲ್ಪ ಹೆಚ್ಚು ಮತ ಬಂದವು.

ಎರಡನೆಯ ಸ್ಥಾನದ ಆ ಹೆಸರನ್ನು ನೋಡಿದರೆ ನನಗೆ ಈಗಲೂ ಮನಸ್ಸು ಕಲಕುತ್ತದೆ. ಏಕೆಂದರೆ ವಿಲ್ಯಾರ್ ಅವರ ರಾಜಕೀಯ ಜೀವನದಲ್ಲಿ ನಾನು ಗೌರವಿಸುವ ದಿನ ಎಸ್ಟ್ರಾಡಾ ಅವರಿಗೇ ಸಂಬಂಧಿಸಿದ್ದು. 1998ರಲ್ಲಿ ಎಸ್ಟ್ರಾಡಾ ಅಧ್ಯಕ್ಷರಾದಾಗ, ಅವರ ಮೈತ್ರಿಕೂಟದ ಬಲದಿಂದಲೇ ವಿಲ್ಯಾರ್ ಕೆಳಮನೆಯ ಸಭಾಧ್ಯಕ್ಷರಾಗಿದ್ದರು. ಎರಡು ವರ್ಷದಲ್ಲಿ ಅಧ್ಯಕ್ಷರ ಮೇಲೆ ಮಟ್ಕಾದಂಥ ಜೂಜಿನ ಮಾಮೂಲಿ ಪಡೆದ ಆರೋಪ ಬಂತು. ಕೆಳಮನೆಯ ಕನಿಷ್ಠ ಮೂರನೇ ಒಂದರಷ್ಟು ಸದಸ್ಯರು ಮಹಾಭಿಯೋಗದ ದೂರಿಗೆ ಸಹಿ ಹಾಕಿದರೆ ಅದು ಮತವಿಲ್ಲದೆ ನೇರ ಸೆನೆಟ್‌ಗೆ ಹೋಗಬೇಕು ಎಂದು ಅಲ್ಲಿನ ಸಂವಿಧಾನ ಹೇಳುತ್ತದೆ. 2000ನೇ ಇಸವಿಯ ನವೆಂಬರ್ 13. ಕಲಾಪ ಪ್ರಾರ್ಥನೆಯಿಂದ ಆರಂಭವಾಗುತ್ತದೆ. ಪೀಠದಲ್ಲಿದ್ದ ವಿಲ್ಯಾರ್ ಅವರೇ ಪ್ರಾರ್ಥನೆ ಹೇಳಿದರು. ಹೇಳಿ ಮುಗಿಸಿ, ಸದಸ್ಯರು ಸಾವರಿಸಿಕೊಳ್ಳುವ ಮೊದಲೇ, ಅದೇ ಉಸಿರಿನಲ್ಲಿ ದೂರನ್ನು ಸೆನೆಟ್‌ಗೆ ಕಳಿಸುವ ಆದೇಶ ಓದಿಬಿಟ್ಟರು. ಸದನದಲ್ಲಿ ಕೂಗಾಟವೆದ್ದಿತು. ಅದೇ ದಿನ ಅವರ ಪೀಠ ಹೋಯಿತು. ಎರಡೇ ತಿಂಗಳಲ್ಲಿ, 2001ರ ಜನವರಿಯಲ್ಲಿ, ಎಸ್ಟ್ರಾಡಾ ಅಧಿಕಾರ ಬಿಟ್ಟರು. ಅದೇ ವರ್ಷ ವಿಲ್ಯಾರ್ ಸೆನೆಟರ್ ಆದರು, 2006ರಿಂದ 2008ರವರೆಗೆ ಸೆನೆಟ್ ಅಧ್ಯಕ್ಷರಾದರು.

ಅವರನ್ನು ಹಿಂದಕ್ಕೆ ಎಳೆದದ್ದು ಒಂದು ರಸ್ತೆ. ಮನಿಲಾದ ಸಿ-5 ಎಂಬ ಹೆದ್ದಾರಿಯ ವಿಸ್ತರಣೆ ಅವರ ಕಂಪನಿಗಳ ಜಾಗದ ಪಕ್ಕದಲ್ಲಿ ಹಾಯುವಂತೆ ತಿರುಗಿತು, ಅದಕ್ಕೆ ಬಜೆಟ್‌ನಲ್ಲಿ ಎರಡು ಸಲ ಹಣ ಸೇರಿತು ಎಂದು 2008ರಲ್ಲಿ ಸೆನೆಟ್‌ನಲ್ಲೇ ಆರೋಪ ಬಂತು, ವಿಚಾರಣೆಯೂ ನಡೆಯಿತು. ತಾವು ತಪ್ಪು ಮಾಡಿಲ್ಲ ಎಂದು ಅವರು ಕೊನೆಯವರೆಗೂ ಹೇಳಿದರು. ಆದರೆ ಮತದಾರರ ಮನಸ್ಸಿನಲ್ಲಿ ಆ ರಸ್ತೆ ಉಳಿಯಿತು. ನೀವು ಅಂಗಡಿಯವರು, ನಿಮಗೆ ಗೊತ್ತಿರುತ್ತದೆ. ತಕ್ಕಡಿ ಸರಿಯಿದ್ದರೂ, ತೂಗುವಾಗ ಗಿರಾಕಿಗೆ ಮುಳ್ಳು ಕಾಣದಿದ್ದರೆ ಅವನು ಮನೆಗೆ ಹೋಗಿ ಮತ್ತೆ ತೂಗಿ ನೋಡುತ್ತಾನೆ.

ಪ್ರಶ್ನೆ: ನನ್ನದು ಎರಡು ಟಿಪ್ಪರ್ ಇವೆ, ಜಲ್ಲಿ ಮತ್ತು ಎಂ-ಸ್ಯಾಂಡ್ ಹೊಡೆಯುತ್ತೇನೆ. ಗ್ರಾಮ ಪಂಚಾಯಿತಿ ಸದಸ್ಯನೂ ಹೌದು. ವ್ಯಾಪಾರಸ್ಥರು ರಾಜಕೀಯಕ್ಕೆ ಬಂದರೆ ತಪ್ಪೇ? — ತೀರ್ಥಹಳ್ಳಿ ತಾಲ್ಲೂಕು

ತಪ್ಪಲ್ಲ. ವಿಲ್ಯಾರ್ ಕೂಡ ಎರಡು ಲಾರಿಯಿಂದಲೇ ಶುರು ಮಾಡಿದವರು. ವ್ಯಾಪಾರ ಗೊತ್ತಿರುವವರಿಗೆ ಒಂದು ಚರಂಡಿಗೆ ಎಷ್ಟು ಲೋಡು ಜಲ್ಲಿ ಬೇಕು ಎಂಬುದು ಎಂಜಿನಿಯರ್ ಹೇಳುವ ಮೊದಲೇ ಗೊತ್ತಿರುತ್ತದೆ. ಅಂಥವರು ಪಂಚಾಯಿತಿಯಲ್ಲಿ ಇರಬೇಕು.

ಆದರೆ ನೀವು ಕೇಳಬೇಕಾಗಿದ್ದ ಪ್ರಶ್ನೆಯನ್ನು ಅರ್ಧಕ್ಕೆ ಬಿಟ್ಟಿದ್ದೀರಿ. ನಿಮ್ಮ ಪಂಚಾಯಿತಿಯ ಕೆಲಸಕ್ಕೆ ನಿಮ್ಮ ಟಿಪ್ಪರ್‌ನ ಜಲ್ಲಿ ಬೀಳುತ್ತಿದೆಯೇ? ಹೆಂಡತಿಯ ಹೆಸರಿನಲ್ಲೋ ಭಾವಮೈದುನನ ಹೆಸರಿನಲ್ಲೋ ಬಿಲ್ಲು ಆಗುತ್ತಿದೆಯೇ? ಪಂಚಾಯಿತಿಯ ಗುತ್ತಿಗೆಯಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲು ಇಟ್ಟುಕೊಂಡ ಸದಸ್ಯರ ಸ್ಥಾನ ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಉಳಿಯುವುದಿಲ್ಲ. ಕಾಯ್ದೆಯ ಮಾತು ಹಾಗಿರಲಿ. ನಿಮ್ಮ ಊರಿನವರು ನಿಮ್ಮನ್ನು ದಿನಾ ನೋಡುತ್ತಾರೆ. ಸಿ-5 ರಸ್ತೆಯ ಪಕ್ಕದ ಜಾಗ ಯಾರದ್ದೆಂದು ತಿಳಿಯಲು ಮನಿಲಾದವರಿಗೆ ವಿಚಾರಣೆ ಬೇಕಾಯಿತು. ನಿಮ್ಮ ಕೇರಿಯ ರಸ್ತೆಗೆ ಜಲ್ಲಿ ಸುರಿದ ಟಿಪ್ಪರ್ ಯಾರದ್ದೆಂದು ಶಾಲೆಗೆ ಹೋಗುವ ಮಗುವೂ ಹೇಳುತ್ತದೆ. ಪಕ್ಕದ ತಾಲ್ಲೂಕಿನವರಿಗೆ ಮಾರಿ, ಖಾಸಗಿ ಮನೆ ಕಟ್ಟುವವರಿಗೆ ಮಾರಿ. ನಿಮ್ಮ ಪಂಚಾಯಿತಿಯ ಗುತ್ತಿಗೆ ಯಾರಿಗೇ ಆಗಲಿ, ಅವರಿಗೆ ಮಾತ್ರ ಮಾರಬೇಡಿ. ರಸ್ತೆಯ ವಿಷಯ ಸಭೆಗೆ ಬಂದಾಗ ಅದರ ಪಕ್ಕದಲ್ಲಿ ನಿಮ್ಮ ತೋಟವೋ ಗದ್ದೆಯೋ ಇದ್ದರೆ, ಮೊದಲು ಅದನ್ನು ಬಾಯಿಬಿಟ್ಟು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಎದ್ದು ಹೊರಗೆ ಬನ್ನಿ.

ಪ್ರಶ್ನೆ: ಅಲ್ಲಿಯೂ ನಮ್ಮ ಹಾಗೆಯೇ ಕುಟುಂಬ ರಾಜಕಾರಣ ಇದೆಯೇ? — ನಿವೃತ್ತ ಶಿಕ್ಷಕಿ, ಭದ್ರಾವತಿ

ಇದೆ, ಅಮ್ಮಾ. ನಮಗಿಂತ ಗಟ್ಟಿಯಾಗಿಯೇ ಇದೆ. ವಿಲ್ಯಾರ್ 1975ರಲ್ಲಿ ಮದುವೆಯಾದ ಸಿಂಥಿಯಾ ಅವರ ತಂದೆ ಲಾಸ್ ಪಿನ್ಯಾಸ್‌ನ ಮೇಯರ್ ಆಗಿದ್ದವರು, ಆಮೇಲೆ ಸಂಸದರು. ಮಾವನ ನಂತರ 1992ರಲ್ಲಿ ಅಳಿಯ ಕೆಳಮನೆಗೆ ಹೋದರು. ಅಲ್ಲಿ ಮೂರು ವರ್ಷದ ಅವಧಿ, ಸತತ ಮೂರು ಸಲ ಮಾತ್ರ. ಅವರ ಒಂಬತ್ತು ವರ್ಷ ಮುಗಿದಾಗ ಅದೇ ಸ್ಥಾನಕ್ಕೆ ಹೆಂಡತಿ ಬಂದರು, ಅವರ ಒಂಬತ್ತು ವರ್ಷದ ನಂತರ 2010ರಲ್ಲಿ ಮಗ ಮಾರ್ಕ್, 2019ರಲ್ಲಿ ಮಗಳು ಕಮಿಲ್. ಸಿಂಥಿಯಾ 2013ರಿಂದ 2025ರವರೆಗೆ ಸೆನೆಟರ್. ಮಾರ್ಕ್ ಲೋಕೋಪಯೋಗಿ ಮಂತ್ರಿಯಾಗಿದ್ದು 2022ರಲ್ಲಿ ಸೆನೆಟ್‌ಗೆ ಬಂದರು. 24 ಸ್ಥಾನಗಳ ಆ ಮನೆಯಲ್ಲಿ ಮೂರು ವರ್ಷ ತಾಯಿ-ಮಗ ಒಟ್ಟಿಗೆ ಕೂತರು. 2025ರಲ್ಲಿ ತಾಯಿ ಇಳಿದಾಗ ಮಗಳು ಗೆದ್ದು ಬಂದಳು.

ಒಬ್ಬರೇ ಕೂತುಬಿಡಬಾರದು ಎಂದು ಅವಧಿಗೆ ಮಿತಿ ಹಾಕಿದರು. ಕುರ್ಚಿ ಒಬ್ಬರಿಂದ ತಪ್ಪಿತು, ಮನೆಯಿಂದ ತಪ್ಪಲಿಲ್ಲ. 1987ರ ಅವರ ಸಂವಿಧಾನವೇ ಕುಟುಂಬ ರಾಜಕಾರಣವನ್ನು ನಿಷೇಧಿಸುತ್ತದೆ. ಆದರೆ ‘ಕಾನೂನು ವಿವರಿಸುವ ಪ್ರಕಾರ’ ಎಂದು ಸೇರಿಸಿಟ್ಟಿದ್ದಾರೆ. ಆ ಕಾನೂನನ್ನು ಮಾಡಬೇಕಾದವರು ಅದೇ ಕುಟುಂಬಗಳವರು. ನನಗೆ ಇದು ಸಂಕಟದ ಸಂಗತಿ. ಮಾರುಕಟ್ಟೆಯಲ್ಲಿ ಸೀಗಡಿ ಮಾರುತ್ತ ಬೆಳೆದ ಇನ್ನೊಬ್ಬ ಹುಡುಗ ಇಂದು ಲಾಸ್ ಪಿನ್ಯಾಸ್‌ನಲ್ಲಿ ಚುನಾವಣೆಗೆ ನಿಲ್ಲಬೇಕೆಂದರೆ ಯಾವ ಬಾಗಿಲು ತಟ್ಟಬೇಕು?

ಪ್ರಶ್ನೆ: ಕಾಲೇಜಿನ ಹತ್ತಿರ ಸಣ್ಣ ಕ್ಯಾಂಟೀನ್ ಇಟ್ಟಿದ್ದೇನೆ. ತರಕಾರಿಯವರಿಗೆ ಹದಿನೆಂಟು ಸಾವಿರ ಬಾಕಿ ಕೊಡಬೇಕು. ಆ ಊಟದ ಚೀಟಿಯ ಉಪಾಯವನ್ನು ನಾನೂ ಮಾಡಬಹುದೇ? — ಶಿವಮೊಗ್ಗ

(ಈ ತಮ್ಮ ಕಳೆದ ವಾರ ದೂರವಾಣಿಯಲ್ಲಿಯೂ ಕೇಳಿದ್ದರು. ಚೀಟಿಯ ವಿಷಯವನ್ನು ಆಗಲೇ ಹೇಳಿದ್ದೆ.)

ಮಾಡಬಹುದು, ತಮ್ಮಾ. ನೀನೇ ಬಾಕಿದಾರನಾಗಿ ಕೇಳುತ್ತಿರುವುದು ನನಗೆ ಸಂತೋಷ ತಂದಿತು. ತರಕಾರಿಯವರ ಬಳಿಗೆ ನೀನೇ ಹೋಗಿ ಹೇಳು, ಅವರು ಬಂದು ಬಾಗಿಲಲ್ಲಿ ನಿಲ್ಲುವವರೆಗೆ ಕಾಯಬೇಡ. ಅವರು ಒಪ್ಪಿದರೆ ಮಾತ್ರ ಮುಂದಿನ ಹೆಜ್ಜೆ. ಚೀಟಿಗಳ ಒಟ್ಟು ಬೆಲೆ ಹದಿನೆಂಟು ಸಾವಿರ ದಾಟಬಾರದು. ರಿಯಾಯಿತಿ ಕೊಟ್ಟು ಮಾರುವಾಗ ಅವರಿಗಾಗುವ ನಷ್ಟವನ್ನು ಯಾರು ಹೊರಬೇಕೆಂದು ಮೊದಲೇ ಮಾತಾಡಿ ಬರೆದುಕೊಳ್ಳಿ. ನ್ಯಾಯವಾಗಿ ಅದನ್ನು ನೀನೇ ಹೊರಬೇಕು. ಪ್ರತಿ ಚೀಟಿಗೂ ಕ್ರಮಸಂಖ್ಯೆ, ನಿನ್ನ ಸಹಿ, ಕೊನೆಯ ದಿನಾಂಕ ಇರಲಿ. ಪರೀಕ್ಷೆ ಮುಗಿದು ಹುಡುಗರು ಊರಿಗೆ ಹೋಗುವ ಮೊದಲೇ ಆ ದಿನಾಂಕ ಬರಲಿ. ಮಧ್ಯಾಹ್ನ ನೂಕುನುಗ್ಗಲಿನಲ್ಲಿ ಬಂದ ಚೀಟಿಯನ್ನು ಹರಿದು ಬಿಸಾಡಬೇಡ, ಒಂದು ತಂತಿಗೆ ಚುಚ್ಚಿಡು. ರಾತ್ರಿ ಎಣಿಸಿ ಪುಸ್ತಕದಲ್ಲಿ ಹೊಡೆದು ಹಾಕು, ವಾರಕ್ಕೊಮ್ಮೆ ತರಕಾರಿಯವರಿಗೆ ಪುಸ್ತಕ ತೋರಿಸು. ಇನ್ನೊಂದು ಮಾತು: ಚೀಟಿಯಲ್ಲಿ ಬಂದವರ ತಟ್ಟೆಗೂ ನಗದು ಕೊಟ್ಟವರ ತಟ್ಟೆಗೂ ಒಂದೇ ಸೌಟಿನಲ್ಲಿ, ಒಂದೇ ಪಾತ್ರೆಯ ಸಾರನ್ನು ಬಡಿಸು.